ಹೋಗದವರ ಗುಡ್ಡ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆ ಕಳೆದ ಮೂರನೆಯ ದಿನ, ಗುರುವಾರ. ಏಳನೆಯ ಇಯತ್ತೆಯ ಪುಸ್ತಕಗಳನ್ನು ಶಾಲೆಯ ಕಟ್ಟೆಯ ಮೇಲೆ ಬಿಟ್ಟು, ಹೆಂಚು ತರಲು ಕರಾವಳಿಗೆ ಹೊರಟಿದ್ದ ಲಾರಿ ಹತ್ತಿ ಘಟ್ಟ ಇಳಿದೆ. ಅಲ್ಲಿಂದ ಮುಂದೆ ಸುತ್ತಿದ ಊರುಗಳು, ಹಿಡಿದು ಬಿಟ್ಟ ಕೆಲಸಗಳು ಬಹಳ; ಎಲ್ಲೂ ಕಾಲು ನಿಲ್ಲಲಿಲ್ಲ. ಒಂದೇ ಊರಿಗೆ ಏಳು ಸಲ ತಿರುಗಿ ಬಂದದ್ದೆಂದರೆ ಅದು ಅಳ್ವೆಬೈಲು ಮಾತ್ರ. ದೀಪಾವಳಿ ಕಳೆದು ಕಡಲು ತಿಳಿಯಾದಾಗ ಬರುತ್ತೇನೆ, ಮಳೆಗಾಲದ ಮೊದಲ ಮೋಡ ಕಂಡಾಗ ಹೋಗುತ್ತೇನೆ. ನಡುವಿನ ತಿಂಗಳುಗಳಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಹೋಗದವರ ಗುಡ್ಡಕ್ಕೆ ಕರೆದೊಯ್ದು, ನೀರಿಗಿಳಿಸಿ, ಹೂಗಲ್ಲು ತೋರಿಸಿ, ದಡ ಮುಟ್ಟಿಸುವುದು ನನ್ನ ಕೆಲಸ. ಆ ಗುಡ್ಡಕ್ಕೆ ಆ ಹೆಸರು ಬಂದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹುಟ್ಟಿನಿಂದ ನಾನು ಈ ಕಡಲಿನವನಲ್ಲ, ಹೇಳುವ ಹಕ್ಕು ನನ್ನದಲ್ಲ. ಆದರೆ ಏಳು ವರ್ಷ ಅದನ್ನು ತಪ್ಪಾಗಿ ಹೇಳಿದವನು ನಾನೇ.

ಅಳ್ವೆಬೈಲು ಬಂದರಿನಿಂದ ಪಡುವಣಕ್ಕೆ ಯಂತ್ರದ ದೋಣಿಯಲ್ಲಿ ಒಂದೂಕಾಲು ಗಂಟೆಯ ದಾರಿ. ದೂರದಿಂದ ಗುಡ್ಡವು ಕೆರೆಯಲ್ಲಿ ಮುಳುಗಿ ಬೆನ್ನಷ್ಟೇ ಹೊರಗಿಟ್ಟ ಎಮ್ಮೆಯ ಹಾಗೆ ಕಾಣುತ್ತದೆ. ಬಡಗು ಬದಿಯೆಲ್ಲ ಕಡಿದಾದ ಬಂಡೆ, ಅದರ ಮೇಲೆ ಕಡಲಹದ್ದುಗಳ ಗೂಡು. ತೆಂಕು ಬದಿಯಲ್ಲಿ ಮಾತ್ರ ಅರೆಚಂದ್ರದಂಥ ಒಂದು ಬಿಳಿ ಮರಳ ದಡ. ಅದರ ಎದುರಿಗೆ ಬರುತ್ತಿದ್ದಂತೆ ನೀರು ಕಪ್ಪುನೀಲಿಯನ್ನು ಬಿಟ್ಟು ನವಿಲುಗರಿಯ ಹಸಿರಾಗುತ್ತದೆ. ಅಡಿಯಲ್ಲಿ ಇರುವುದು ಹವಳದ ದಿಬ್ಬ. ಊರವರು ಹವಳ ಎನ್ನುವುದಿಲ್ಲ, ಹೂಗಲ್ಲು ಎನ್ನುತ್ತಾರೆ. ನೀರಿನ ಕನ್ನಡಕ ಹಾಕಿ ಮುಖ ಮುಳುಗಿಸಿದವರಿಗೆ ಬಗೆಬಗೆಯ ಹೂಗಲ್ಲುಗಳು ಕಾಣುತ್ತವೆ. ಜಿಂಕೆಯ ಕೊಂಬಿನಂಥವು, ಹಲಸಿನ ಸಿಪ್ಪೆಯಂತೆ ಮುಳ್ಳುಮುಳ್ಳಾದ ಗುಂಡುಗಳು, ಒಂದರ ಮೇಲೊಂದು ಜೋಡಿಸಿದ ತಟ್ಟೆಗಳು. ನಡುನಡುವೆ ಅರಿಶಿನದ ಪಟ್ಟೆಯ ಮೀನುಗಳ ಹಿಂಡು. ಗಿಳಿಮೀನು ಕಲ್ಲನ್ನು ಕಟಕಟ ಕಡಿಯುವ ಸದ್ದು ನೀರೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಮೇಲೆ ಬಂದು ಉಸಿರೆಳೆದುಕೊಂಡ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅದು ಕಲ್ಲೋ ಗಿಡವೋ? ಎರಡೂ ಅಲ್ಲ, ಜೀವ ಎಂದು ಹೇಳುತ್ತೇನೆ. ಒಂದೊಂದು ತೂತಿನಲ್ಲೂ ಎಳ್ಳಿನಷ್ಟು ಜೀವವೊಂದು ಕೂತು, ತನ್ನ ಸುತ್ತ ತಾನೇ ಸುಣ್ಣದ ಗೋಡೆ ಕಟ್ಟಿಕೊಂಡು, ಹುಟ್ಟಿದಲ್ಲೇ ಬಾಳಿ ಮುಗಿಸುತ್ತದೆ. ಗೇಣುದ್ದ ಬೆಳೆಯಲು ಒಬ್ಬ ಮನುಷ್ಯನ ಹರೆಯ ಬೇಕು.

ಆಮೇಲೆ ಹೆಸರಿನ ಕಥೆ ಕೇಳುತ್ತಾರೆ. ನಾನು ಹೇಳುತ್ತಿದ್ದದ್ದು ಹೀಗೆ: ಹಿಂದೆ ಒಮ್ಮೆ ಈ ಗುಡ್ಡದ ಮೇಲೆ ದುರ್ಗಿ ಎಂಬ ಕಾಲು ಬಾರದ ಹೆಂಗಸಿದ್ದಳು, ದೊಡ್ಡ ಗಾಳಿ ಬಂದಾಗ ದೋಣಿಯಲ್ಲಿ ಜಾಗ ಸಾಲದೆ, ತಾನಾಗಿಯೇ ಹಿಂದೆ ಉಳಿದು, ನಗುನಗುತ್ತ ಕೈಬೀಸಿ ತನ್ನವರನ್ನು ಕಳುಹಿಸಿಕೊಟ್ಟಳು, ಅವಳ ತ್ಯಾಗಕ್ಕೆ ಮೆಚ್ಚಿ ಕಡಲು ಅವಳ ಸುತ್ತ ಹೂ ಅರಳಿಸಿತು. ಬಂದರಿನಲ್ಲಿ ಎಲ್ಲರೂ ಹೇಳುವುದು ಇದನ್ನೇ. ನಗುವನ್ನು ಸೇರಿಸಿದವನು ಮಾತ್ರ ನಾನು. ಆ ಮಾತಿಗೆ ಬಂದಾಗ ಪ್ರವಾಸಿಗರು ಗುಡ್ಡದ ಕಡೆ ತಿರುಗಿ ಕೈ ಮುಗಿಯುತ್ತಿದ್ದರು. ಈ ವರ್ಷ ಹೋಳಿಹುಣ್ಣಿಮೆಯ ಮರುದಿನ ಕುಪ್ಪಮ್ಮಜ್ಜಿ ಮೊದಲ ಸಲ ನಮ್ಮ ದೋಣಿ ಹತ್ತಿದರು. ಹಿಂದೆ ಸುಣ್ಣ ಸುಡುತ್ತಿದ್ದ ಮನೆತನದಲ್ಲಿ ಈಗ ಉಳಿದಿರುವ ಹಿರಿಯರು ಅವರೊಬ್ಬರೇ. ವರ್ಷಕ್ಕೊಮ್ಮೆ ಗುಡ್ಡಕ್ಕೆ ಹೋಗಿ ಮರಳಿನ ಮೇಲೆ ಒಂದು ಎಲೆ ಅನ್ನ ಇಟ್ಟು ಬರುತ್ತಾರೆ. ಸುಣ್ಣವಿಲ್ಲದ ಬರಿಯ ವೀಳ್ಯವನ್ನು ಜಗಿಯುತ್ತ ನನ್ನ ಕಥೆಯನ್ನು ಕೊನೆಯವರೆಗೆ ಕೇಳಿದರು. ಗುಡ್ಡದಲ್ಲಿ ಅನ್ನ ಇಟ್ಟು ನಮ್ಮ ದೋಣಿಯಲ್ಲೇ ತಿರುಗಿ ಬಂದರು. ದಡದಲ್ಲಿ ನಾನು ಕೈ ಹಿಡಿದು ಇಳಿಸುವಾಗ, ನನ್ನ ಕೈಯನ್ನು ಬಿಡದೆ ಹೇಳಿದರು:

“ಘಟ್ಟದವನೇ, ಅವಳನ್ನ ನಗ್ಸಿ ಕೂರ್ಸಿದ್ಯಲ್ಲ. ಅವಳು ನಗಾಡಿದ್ದನ್ನ ಕಂಡವ್ರ್ ಯಾರ್?”

ಮುಂದಿನದು ಅವರು ತಮ್ಮ ಮನೆಯ ಜಗಲಿಯಲ್ಲಿ, ಮೂರು ಮಧ್ಯಾಹ್ನ, ನನಗೆ ಹೇಳಿದ್ದು.

ಹಿಂದೆ ಒಮ್ಮೆ, ಬೀಡಿನ ಬಲ್ಲಾಳರು ಈ ಕರಾವಳಿಯನ್ನು ಆಳುತ್ತಿದ್ದ ಕಾಲದಲ್ಲಿ, ಗುಡ್ಡದ ತೆಂಕು ದಡದಲ್ಲಿ ಸುಣ್ಣ ಸುಡುವವರ ಹನ್ನೊಂದು ಗುಡಿಸಲುಗಳಿದ್ದುವಂತೆ. ಆಗ ಗುಡ್ಡಕ್ಕೆ ಹೆಸರಿರಲಿಲ್ಲ. ಗುಡ್ಡ ಎಂದರೆ ಅದೇ. ಹೂಗಲ್ಲಿನ ದಿಬ್ಬ ಆಗ ಇನ್ನೂ ಎತ್ತರವಾಗಿ, ಇಳಿತದಲ್ಲಿ ಅದರ ತಲೆ ನೀರಿನಿಂದ ಹೊರಗೆ ಕಾಣುತ್ತಿತ್ತು. ಎಂಥ ಅಲೆಯೂ ಅದಕ್ಕೆ ಬಡಿದು ಒಡೆದು, ದಡಕ್ಕೆ ಬರುವಾಗ ಬಟ್ಟಲಿನ ನೀರಿನಷ್ಟು ಸಣ್ಣದಾಗುತ್ತಿತ್ತು ಎನ್ನುತ್ತಾರೆ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಚಿಪ್ಪು ಆರಿಸಿ ತಂದು ಇಲ್ಲಿ ಸುಡುತ್ತಿದ್ದರು; ಊರ ನಡುವೆ ಸುಟ್ಟರೆ ಹೊಗೆಗೆ ಜನ ಬಯ್ಯುತ್ತಿದ್ದುದರಿಂದ ಗುಡ್ಡವೇ ಅನುಕೂಲ. ಆ ಮನೆತನಕ್ಕೆ ಒಂದು ಕಟ್ಟಳೆಯಿತ್ತು. ತಂದ ಚಿಪ್ಪನ್ನು ನೇರವಾಗಿ ಒಲೆಗೆ ಹಾಕುವಂತಿಲ್ಲ. ಅಲೆ ಮುಟ್ಟುವ ಗೆರೆಯ ಮೇಲೆ ರಾಶಿ ಮಾಡಿ, ಒಂದು ಉಬ್ಬರ ಒಂದು ಇಳಿತ ಬಿಡಬೇಕು. ಯಾವ ಚಿಪ್ಪಿನಲ್ಲಾದರೂ ಏಡಿಯೋ ಹುಳವೋ ಜೀವ ಹಿಡಿದಿದ್ದರೆ ಅಷ್ಟರೊಳಗೆ ನಡೆದು ಕಡಲಿಗೆ ಇಳಿಯುತ್ತದೆ. ಉಳಿದದ್ದು ಬಿಟ್ಟ ಮನೆ, ಸುಡಬಹುದು. ರಾಶಿಯ ಎದುರು ನಿಂತು ಕರೆ ಕೊಡುವುದು ಮನೆಯ ಹಿರಿಯ ಹೆಂಗಸಿನ ಕೆಲಸ: “ಹೋಪವ್ರೆಲ್ಲ ಹೋಗಿ, ಒಲೆಗೆ ಕಿಚ್ಚು ಹಾಕೂಕಾಯ್ತ್.”

ಆ ಕಾಲದಲ್ಲಿ ಒಲೆಯ ಯಜಮಾನ ಬಚ್ಚ, ಕರೆ ಕೊಡುವವಳು ಅವನ ಅಕ್ಕ ದುರ್ಗಿ. ನಿಂತು ಎಂದು ಬಾಯಿಮಾತಿಗೆ ಹೇಳಿದೆ. ದುರ್ಗಿಗೆ ನಿಲ್ಲಲು ಬರುತ್ತಿರಲಿಲ್ಲ. ಐದು ವರ್ಷದವಳಿದ್ದಾಗ ಬಂದ ಜ್ವರ ಎರಡೂ ಕಾಲುಗಳನ್ನು ಒಣಗಿಸಿಬಿಟ್ಟಿತ್ತು. ಒಲೆಯ ಪಕ್ಕದಲ್ಲಿ ಮೊರ ಹಿಡಿದು ಕೂತು ಚಿಪ್ಪು ಆರಿಸುವಳು, ಬಾಯಿ ಬಹಳ ಜೋರು. ಗುಡ್ಡಕ್ಕೆ ಬರುವಾಗ ಹೋಗುವಾಗ ಬಚ್ಚ ಅವಳನ್ನು ಬೆನ್ನ ಮೇಲೆ ಹೊತ್ತು ದೋಣಿಯ ನಡುವಿನ ಹಲಗೆಯ ಮೇಲೆ ಕೂರಿಸುತ್ತಿದ್ದ. ಕುದುರೆಗೆ ಹುಲ್ಲು ಹಾಕಿದ್ದೀಯಾ ಎಂದು ಅವಳು ತಮ್ಮನ ಹೆಂಡತಿಯನ್ನು ಕೇಳುತ್ತಿದ್ದಳಂತೆ. ಹಾಕಿದ್ದೇನೆ, ಒದೆಯುವುದು ಬಿಟ್ಟಿಲ್ಲ ಎಂದು ಬಚ್ಚನ ಹೆಂಡತಿ ಹೇಳುತ್ತಿದ್ದಳಂತೆ. ಆ ಮನೆತನದಲ್ಲಿ ಈಗಲೂ ಈ ಮಾತನ್ನು ಹೇಳಿ ನಗುತ್ತಾರೆ.

ಒಂದು ವರ್ಷ ಬಲ್ಲಾಳರು ದೊಡ್ಡ ಕೆರೆಯೊಂದನ್ನು ಕಟ್ಟಿಸಲು ಹೊರಟರು. ಗಾರೆಗೆ ಬೇಕಾದ ಸುಣ್ಣವನ್ನು ತಾನೊಬ್ಬನೇ ಪೂರೈಸುವೆನೆಂದು ಬಚ್ಚ ಸಭೆಯಲ್ಲಿ ವೀಳ್ಯ ಎತ್ತಿದ. ಎತ್ತಿದ ಮೇಲೆ ಹಿಂದೆ ಸರಿಯುವಂತಿಲ್ಲ. ಮಾತು ತಪ್ಪಿದರೆ ಒಲೆಯ ಹಕ್ಕು ಬೇರೆಯವರಿಗೆ ಹೋಗುತ್ತದೆ, ಹನ್ನೊಂದು ಗುಡಿಸಲೂ ಏಳಬೇಕಾಗುತ್ತದೆ. ಆ ಮಳೆಗಾಲದಲ್ಲೇ ಹೊಳೆಗೆ ಎಂದೂ ಕಾಣದ ನೆರೆ ಬಂದು, ಅಳಿವೆಯ ಚಿಪ್ಪಿನ ಹಾಸೆಲ್ಲ ಆಳುದ್ದ ಕೆಸರಿನಡಿ ಹೂತುಹೋಯಿತು. ಹದಿನೈದು ದಿನ ಅಗೆದರೂ ನಾಲ್ಕು ಬುಟ್ಟಿ ಚಿಪ್ಪು ಸಿಗಲಿಲ್ಲ. ಒಂದು ದಿನ ಇಳಿತದ ಹೊತ್ತಿಗೆ ಬಚ್ಚ ದಡದಲ್ಲಿ ಕೂತಿದ್ದಾಗ, ಎದುರಿಗೆ ನೀರಿನಿಂದ ತಲೆ ಎತ್ತಿದ್ದ ಹೂಗಲ್ಲು ಕಣ್ಣಿಗೆ ಬಿತ್ತು. ಹುಟ್ಟಿದಂದಿನಿಂದ ಕಂಡದ್ದೇ, ಅಂದು ಬೇರೆಯಾಗಿ ಕಂಡಿತು. ಹಾರೆಯಿಂದ ಒಂದು ತುಂಡು ಕಿತ್ತು ಕೆಂಡದಲ್ಲಿಟ್ಟು, ಬೆಂದ ಮೇಲೆ ನೀರು ಚಿಮುಕಿಸಿದ. ಬುಸ್ಸೆಂದು ಅರಳಿ ಬಿದ್ದ ಪುಡಿ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಅಂಥ ಸುಣ್ಣವನ್ನು ಅವನ ಅಜ್ಜನೂ ಸುಟ್ಟಿರಲಿಲ್ಲ.

ಎರಡು ದಿನಗಳಲ್ಲಿ ಎಂಟು ಗಂಡಸರು ಸೇರಿ ಎದೆಯುದ್ದದ ರಾಶಿ ಕಿತ್ತು ಹಾಕಿದರು. ಕಟ್ಟಳೆಯನ್ನು ಯಾರೂ ಮೀರಲಿಲ್ಲ. ಇದನ್ನು ಕುಪ್ಪಮ್ಮಜ್ಜಿ ನನಗೆ ಎರಡು ಸಲ ಹೇಳಿದರು. ಅಲೆಯ ಗೆರೆಯ ಮೇಲೆಯೇ ರಾಶಿ ಹಾಕಿದರು, ದುರ್ಗಿಯನ್ನು ಹೊತ್ತು ತಂದು ಎದುರಿಗೆ ಕೂರಿಸಿದರು, ಅವಳು ಕರೆ ಕೊಟ್ಟಳು. ಉಬ್ಬರ ಬಂತು, ಇಳಿತ ಬಂತು. ಸಂದಿಗಳಲ್ಲಿ ಅಡಗಿದ್ದ ನಾಲ್ಕಾರು ಏಡಿಗಳು, ಒಂದು ಹಾವುಮೀನು ಹರಿದು ಕಡಲಿಗೆ ಹೋದವು. ಮತ್ತೇನೂ ಹೋಗಲಿಲ್ಲ. ಹಾಗಾದರೆ ಒಳಗೆ ಯಾರೂ ಇಲ್ಲ, ಬಿಟ್ಟ ಮನೆ ಎಂದು ಗಂಡಸರು ಒಲೆಗೆ ತೆಂಗಿನ ಸಿಪ್ಪೆ ತುಂಬತೊಡಗಿದರು. ದುರ್ಗಿ ಮಾತ್ರ ಒಂದು ತುಂಡನ್ನು ಮಡಿಲಿಗೆ ಎಳೆದುಕೊಂಡು ನೋಡುತ್ತಿದ್ದಳು. ಹಿಂದಿನ ದಿನ ಅದರ ಮೈ ಹಸಿಮೀನಿನ ಹಾಗೆ ಲೋಳೆಲೋಳೆಯಾಗಿತ್ತು, ನೀರು ಹನಿಸಿದರೆ ತೂತುಗಳಲ್ಲಿ ಏನೋ ಮುದುಡಿ ಬಿಚ್ಚುತ್ತಿತ್ತು. ಈಗ ಬಣ್ಣವಿಳಿದು ನಾರತೊಡಗಿತ್ತು. ಚಿಪ್ಪು ಎಷ್ಟು ದಿನ ಬಿದ್ದರೂ ಹೀಗೆ ನಾರುವುದಿಲ್ಲ ಎಂಬುದು ಮೂವತ್ತು ವರ್ಷ ಚಿಪ್ಪು ಆರಿಸಿದ ಅವಳ ಮೂಗಿಗೆ ಗೊತ್ತಿತ್ತು. ತಮ್ಮನನ್ನು ಹತ್ತಿರ ಕರೆದಳು. ಉಳಿದದ್ದನ್ನಾದರೂ ನೀರಿಗೆ ಹಾಕು ಎಂದಳು. ಯಾಕೆ ಎಂದು ಅವನು ಕೇಳಿದ. ಇವರು ಇನ್ನೂ ಒಳಗಿದ್ದಾರೆ ಎಂದಳು. ಇದ್ದರೆ ಹೋಗುತ್ತಿದ್ದರು, ನೀನೇ ಕರೆ ಕೊಟ್ಟಿದ್ದೀಯಲ್ಲ ಎಂದು ಅವನು ಅಂದ.

“ಕಾಲಿಲ್ಲದವ್ರ್ ಹ್ಯಾಂಗ್ ಹೋಪುದ್, ತಮ್ಮ?”

ಬಚ್ಚ ಒಲೆಯ ಕಡೆ ನೋಡಿದ, ರಾಶಿಯ ಕಡೆ ನೋಡಿದ. ಎಂಟು ಜನ ಕೆಲಸ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಆಗ ಅವನು ನಕ್ಕು ಹೇಳಿದನಂತೆ: “ನಿನ್ನ ಕಣ್ಣಿಗೆ ಎಲ್ಲರೂ ನಿನ್ನಂಗೇ ಕಾಣ್ತ್ರ್, ಅಕ್ಕ.” ಎಂಟು ಜನರೂ ನಕ್ಕರು. ನಗು ನಿಲ್ಲುವುದರೊಳಗೆ ಅವನು ಕಿಚ್ಚು ಹಾಕಿದ. ಗೊತ್ತಿಲ್ಲದೆ ಮಾಡಿದ ಎಂದು ಬಂದರಿನವರು ಅವನ ಪರವಾಗಿ ವಾದಿಸುತ್ತಾರೆ. ಆದರೆ ನಗಿಸಿ ಗೆಲ್ಲಬೇಕಾದ ಮಾತು ಅದಾಗಿದ್ದರೆ ಅವನಿಗೆ ಗೊತ್ತಾಗಿತ್ತು ಎಂದೇ ಅರ್ಥ ಎನ್ನುತ್ತಾರೆ ಕುಪ್ಪಮ್ಮಜ್ಜಿ. ಅಂದಿನಿಂದ ದುರ್ಗಿ ಕರೆ ಕೊಡಲಿಲ್ಲ. ಕಟ್ಟಳೆ ಮುರಿಯಬಾರದೆಂದು ಬಚ್ಚನ ಹೆಂಡತಿ ಕೊಟ್ಟಳು.

ಮೂರು ಬೇಸಿಗೆ ಹೂಗಲ್ಲು ಕಿತ್ತರು. ಕೆರೆಯ ಗಾರೆ ಹಾಲಿನ ಹಾಗೆ ಹೊಳೆಯಿತು, ಬಲ್ಲಾಳರು ಮೆಚ್ಚಿ ಬಚ್ಚನ ಕೈಗೆ ಕಡಗ ತೊಡಿಸಿದರು. ಇಡೀ ಸೀಮೆಯವರು ಆ ಬಿಳಿ ಸುಣ್ಣವನ್ನು ಎಲೆಗೆ ಸವರಿ ಜಗಿದರು. ಮದುವೆಯ ತಾಂಬೂಲಕ್ಕೆ ಬೇರೆ ಸುಣ್ಣ ಇಟ್ಟರೆ ನೆಂಟರು ಮೂಗು ಮುರಿಯುವಂತಾಯಿತು. ಎದುರಿನ ದಿಬ್ಬ ತಗ್ಗುತ್ತ ಬಂತು. ಮೊದಲು ಗಿಳಿಮೀನು ಕಾಣದಾಯಿತು. ಆಮೇಲೆ ದಡದ ಮರಳು ವರ್ಷವರ್ಷ ಹತ್ತು ಹೆಜ್ಜೆ ಕರಗಿ, ಗುಡಿಸಲುಗಳನ್ನು ಹಿಂದಕ್ಕೆ ಸರಿಸಿ ಕಟ್ಟಿಕೊಂಡರು. ದಡ ಕರಗಿದ್ದನ್ನು ಹೂಗಲ್ಲು ಕಿತ್ತದ್ದಕ್ಕೆ ಯಾರೂ ಹೊಂದಿಸಿ ಮಾತಾಡಲಿಲ್ಲ.

ಮೂರನೆಯ ವರ್ಷದ ವೈಶಾಖದಲ್ಲಿ, ಕೊನೆಯ ಒಲೆ ತೆಗೆದ ದಿನ ಬೆಳಿಗ್ಗೆ, ತೆಂಕಣ ಗಾಳಿ ಎದ್ದಿತು. ಮಳೆಗಾಲಕ್ಕೆ ಇನ್ನೂ ಇಪ್ಪತ್ತು ದಿನವಿತ್ತು. ದಿಬ್ಬದಲ್ಲಿ ಒಡೆಯಬೇಕಾಗಿದ್ದ ಅಲೆ ಒಡೆಯದೆ ನೇರವಾಗಿ ಬಂದು ಮುಂದಿನ ಸಾಲಿನ ಗುಡಿಸಲುಗಳ ಕಾಲು ಕಿತ್ತಿತು. ಇದ್ದದ್ದು ಎರಡು ದೋಣಿ. ಮಕ್ಕಳನ್ನು ಎಸೆದ ಹಾಗೆ ಎತ್ತಿ ಹಾಕಿದರು. ಬಚ್ಚನ ಗಮನ ಸುಣ್ಣದ ಮೇಲಿತ್ತು. ಹೊಸದಾಗಿ ಸುಟ್ಟ ಹರಳುಸುಣ್ಣ ಆರು ಬುಟ್ಟಿ, ಬಲ್ಲಾಳರಿಗೆ ಸಲ್ಲಬೇಕಾದ ಕೊನೆಯ ಕಂತು. ಅದಕ್ಕೆ ನೀರು ತಾಗಿದರೆ ಕುದಿದು ಕಿಚ್ಚಾಗುತ್ತದೆ. ದೋಣಿಯಲ್ಲಿ ಅಡಿಯಲ್ಲೂ ಇಡುವಂತಿಲ್ಲ, ಅಂಚಿನಲ್ಲೂ ಇಡುವಂತಿಲ್ಲ. ನೀರು ತಾಗದ ಜಾಗ ಒಂದೇ, ನಡುವಿನ ಹಲಗೆ. ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಓಡಿ ಓಡಿ, ಆ ಹಲಗೆಯ ಮೇಲೆ ಒತ್ತಾಗಿ ಜೋಡಿಸಿ, ಮೇಲೆ ಚಾಪೆ ಮುಚ್ಚಿ ಕಟ್ಟಿದ. ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂದು ದೋಣಿಗಳನ್ನು ತಾನೇ ಎತ್ತಿಕೊಂಡು ಹೋಯಿತು. ಈ ದೋಣಿಯವರು ದುರ್ಗಿ ಆ ದೋಣಿಯಲ್ಲಿದ್ದಾಳೆ ಎಂದುಕೊಂಡರು, ಆ ದೋಣಿಯವರು ಈ ದೋಣಿಯಲ್ಲಿದ್ದಾಳೆ ಎಂದುಕೊಂಡರು. ದಡದಿಂದ ಅವಳ ದನಿ ಕೇಳುವವರೆಗೆ.

ಅವಳು ತನ್ನ ಹಳೆಯ ಕರೆಯನ್ನು ಕೊಟ್ಟಳು, ಹೋಪವ್ರೆಲ್ಲ ಹೋಗಿ ಎಂದು ಹರಸಿ ಕಳುಹಿಸಿದಳು ಎಂದು ಬಂದರಿನವರು ಹೇಳುತ್ತಾರೆ. ಕುಪ್ಪಮ್ಮಜ್ಜಿಯ ಮನೆಯಲ್ಲಿ ಹಾಗೆ ಹೇಳುವುದಿಲ್ಲ. ಅವಳು ಕೂಗಿದ್ದು, “ಬಚ್ಚಾ, ನಾನಿಲ್ಲೇ ಇದ್ದೆ.” ಇಲ್ಲೇ ಇದ್ದೇನೆ ಎಂದು ಏಳು ಸಲ ಕೂಗಿದಳು. ಎಣಿಸಿದವರು ದೋಣಿಯಲ್ಲಿ ಇದ್ದರಲ್ಲ ಎಂದರು ಅಜ್ಜಿ. ಹುಟ್ಟು ಹಾಕುವವರು ಬಚ್ಚನ ಮುಖ ನೋಡಿದರು. ತಿರುಗಿಸಿದರೆ ದೋಣಿ ಮಗುಚುತ್ತಿತ್ತೋ ಏನೋ, ಅದು ಯಾರಿಗೂ ಗೊತ್ತಿಲ್ಲ, ತಿರುಗಿಸಿ ನೋಡಿದವರಿಲ್ಲ. ಗಾಳಿಯ ಸದ್ದು ಎಂದು ಅವನು ಹೇಳಿದ. ಅರ್ಧ ದಾರಿಯಲ್ಲಿ ನೀರೆರಚಲು ಚಾಪೆಯೊಳಗೆ ನುಗ್ಗಿ ಸುಣ್ಣ ಕುದಿಯತೊಡಗಿತು, ಹಲಗೆ ಹೊಗೆಯಾಡಿತು. ಆರು ಬುಟ್ಟಿಗಳನ್ನೂ ಒಂದೊಂದಾಗಿ ಕಡಲಿಗೆ ನೂಕಿದರು. ಆಮೇಲೆ ದಡದವರೆಗೆ, ಒಬ್ಬರು ಆರಾಮವಾಗಿ ಕೂರಬಹುದಾದ ಆ ಹಲಗೆ ಖಾಲಿಯಾಗಿ ಎಲ್ಲರ ನಡುವೆ ಇತ್ತು.

ನಾಲ್ಕನೆಯ ದಿನ ಗಾಳಿ ಇಳಿದ ಮೇಲೆ ಹೋಗಿ ನೋಡಿದರು. ಗುಡಿಸಲುಗಳಿರಲಿಲ್ಲ. ಅವಳೂ ಇರಲಿಲ್ಲ. ಒಲೆಯ ಪಕ್ಕದಲ್ಲಿ, ಕಿತ್ತು ಸುಡದೆ ಉಳಿದ ಹೂಗಲ್ಲಿನ ರಾಶಿ ಮಾತ್ರ ಹಾಗೇ ಬಿದ್ದಿತ್ತು. ಸಂಜೆಗೆ ಎಲ್ಲರೂ ದೋಣಿ ಹತ್ತಿದರು. ಬಚ್ಚ ಹತ್ತಲಿಲ್ಲ. ಹೆಂಡತಿ ಕರೆದಳು, ಮಕ್ಕಳು ಕರೆದರು. ಹೋಗುವವರು ಹೋಗಿ ಎಂದನಂತೆ. ಅವನು ಆ ಗುಡ್ಡದ ಮೇಲೆ ಇನ್ನೂ ಹತ್ತೊಂಬತ್ತು ವರ್ಷ ಬದುಕಿದ. ಬೇಸಿಗೆಯಲ್ಲಿ ಅನ್ನ ಕೊಂಡುಹೋಗುತ್ತಿದ್ದವರು ಕಂಡದ್ದು ಇಷ್ಟು: ಪ್ರತಿ ಇಳಿತದಲ್ಲೂ ಅವನು ರಾಶಿಯಿಂದ ಒಂದು ಕಲ್ಲನ್ನು, ಒಂದೇ ಒಂದನ್ನು, ಬೆನ್ನಿನ ಮೇಲೆ ಹೊತ್ತು ಎದೆಯುದ್ದದ ನೀರಿಗೆ ಇಳಿದು, ದಿಬ್ಬ ಇದ್ದ ಜಾಗದಲ್ಲಿ ಕೂರಿಸಿ ಬರುತ್ತಿದ್ದ. ಕೈಯಲ್ಲಿ ಹಿಡಿಯುವಷ್ಟು ಸಣ್ಣದಿದ್ದರೂ ಬೆನ್ನ ಮೇಲೆಯೇ ಹೊರುತ್ತಿದ್ದ. ಸತ್ತ ಕಲ್ಲು ಅದು, ಕೂರಿಸಿದರೆ ಏನಾದೀತು ಎಂದು ಒಬ್ಬ ಕೇಳಿದಾಗಲೂ ಅವನು ಕಲ್ಲನ್ನು ಬೆನ್ನಿಗೇರಿಸಿ ನೀರಿಗೆ ಇಳಿದ. ಅವನ ಕಾಲ ಮುಗಿದು ಎಷ್ಟೋ ವರ್ಷಗಳ ಮೇಲೆ, ಆ ಸತ್ತ ಕಲ್ಲುಗಳ ಬೆನ್ನಿನ ಮೇಲೆ ಹೊಸ ಹೂ ಹಿಡಿಯಿತು ಎನ್ನುತ್ತಾರೆ. ಕರೆ ಕೊಟ್ಟರೂ ಹೋಗಲಾರದೆ ಬೆಂದ ಜೀವಗಳು, ಕೂಗಿದರೂ ಯಾರೂ ಕರೆದೊಯ್ಯದ ದುರ್ಗಿ, ಕರೆದರೂ ಬಾರದ ಬಚ್ಚ, ಇವರೆಲ್ಲರಿಗೂ ಸೇರಿ ಆ ಮನೆತನದವರು ಗುಡ್ಡಕ್ಕೆ ಇಟ್ಟ ಹೆಸರು ಹೋಗದವರ ಗುಡ್ಡ. ಮೊದಲು ತಮ್ಮೊಳಗೆ ಮಾತ್ರ ಹೇಳಿಕೊಳ್ಳುತ್ತಿದ್ದರು. ಅವರು ಮತ್ತೆ ಸುಣ್ಣ ಸುಡಲಿಲ್ಲ, ಎಲೆಗೆ ಸುಣ್ಣ ಸವರಲೂ ಇಲ್ಲ.

ಇಂದಿಗೂ ಗುಡ್ಡಕ್ಕೆ ಹೋಗಿ ಬರುವ ಅಳ್ವೆಬೈಲಿನ ದೋಣಿಗಳಲ್ಲಿ, ಎಷ್ಟೇ ನೂಕುನುಗ್ಗಲಿದ್ದರೂ, ಬರುವಾಗ ನಡುವಿನ ಹಲಗೆಯ ಮೇಲೆ ಯಾರನ್ನೂ ಕೂರಿಸುವುದಿಲ್ಲ. ಪ್ರವಾಸಿಗರು ಅದನ್ನು ನೋಡಿ, ಒದ್ದೆಯಾಗಿದೆಯೋ ಎಂದು ಕೈಯಿಂದ ಮುಟ್ಟಿ ನೋಡುತ್ತಾರೆ. ತೆಂಕು ದಡದ ಎದುರು ನೀರಿಗಿಳಿದವರಿಗೆ, ಉಳಿದೆಡೆ ಮನಬಂದಂತೆ ಬೆಳೆದ ಹೂಗಲ್ಲು ಒಂದು ಕಡೆ ಮಾತ್ರ ಹಗ್ಗ ಹಿಡಿದು ಜೋಡಿಸಿದ ಹಾಗೆ ಸಾಲಾಗಿ ಕಾಣುತ್ತದೆ. ಅದು ಬಚ್ಚನ ಸಾಲು. ಕೊನೆಯಿಂದ ಮೂರನೆಯ ಕಲ್ಲಿನ ಜಾಗದಲ್ಲಿ ಒಂದು ಸಂದಿಯಿದೆ. ಅದೇಕೆ ಎಂದು ಕೇಳಿದವರಿಗೆ ಅಲೆ ಒಯ್ದಿರಬೇಕು ಎಂದು ಹೇಳುತ್ತ ಬಂದಿದ್ದೇನೆ.

ಅಜ್ಜಿಯಿಂದ ಕೇಳಿದ ಮೇಲೆ ನಾನು ನಾಲ್ಕು ಸಲ ಈ ಕಥೆಯನ್ನು ದೋಣಿಯಲ್ಲಿ ಹೇಳಿದೆ. ಯಾರೂ ಕೈ ಮುಗಿಯಲಿಲ್ಲ. ಬರುವಾಗ ಯಾರೂ ಹಾಡು ಹಾಕಲಿಲ್ಲ. ದೋಣಿಯ ಒಡೆಯ ಶೀನಣ್ಣ ಕೆಟ್ಟವನಲ್ಲ, ಚಹಾ ಕುಡಿಸಿ, ಹೆಗಲ ಮೇಲೆ ಕೈ ಹಾಕಿ ಹೇಳಿದ: “ಮಾರಾಯ, ಜನ ಮೀನ್ ಕಾಣೂಕೆ ಬಪ್ಪುದ್, ಅಳೂಕಲ್ಲ. ಬಪ್ಪ ವರ್ಷ ಹಳೇದನ್ನೇ ಹೇಳ್.” ನಾನು ಚಹಾದ ಲೋಟ ತೊಳೆದಿಟ್ಟು ಬಂದೆ. ಸತ್ಯಕ್ಕಾಗಿ ಊರು ಬಿಡುತ್ತಿದ್ದೇನೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ನಿಜ ಅದಲ್ಲ. ಮೋಡ ಕಂಡಿದೆ, ಕಾಲು ಕಡಿಯುತ್ತಿದೆ, ಬರುವ ವರ್ಷ ಬರುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಹೊರಟೆ ಎಂದು ಹೇಳಲು ಹೋದಾಗ ಕುಪ್ಪಮ್ಮಜ್ಜಿ, ಹೋಗುವವರು ಯಾವಾಗಲೂ ತಿರುಗಿ ನೋಡದೆ ನೆಟ್ಟಗೆ ಹೋಗುತ್ತಾರೆ ಎಂದಷ್ಟೇ ಹೇಳಿ ವೀಳ್ಯದೆಲೆಯ ತಟ್ಟೆ ಮುಂದಿಟ್ಟರು. ಈ ಹಾಳೆಗಳನ್ನು, ಪ್ರವಾಸಿಗರು ನೀರಿಗಿಳಿಯಲು ತೊಡುವ ತೇಲುಕೋಟು ತೂಗುಹಾಕುವ ಕೋಣೆಯ ಮೊಳೆಗೆ ಸಿಕ್ಕಿಸಿ ಹೋಗುತ್ತೇನೆ. ದೋಣಿಗೆ ಕಾಯುವವರು ಓದಲಿ.

ಇಷ್ಟು ಬರೆದು ಚೀಲ ತುಂಬಲು ಕೂತೆ. ಎರಡು ಅಂಗಿ, ಒಂದು ಪಂಚೆ, ನೀರಿನ ಕನ್ನಡಕ, ಔಷಧದ ಡಬ್ಬಿ. ಕಿಟಕಿಯ ಕಟ್ಟೆಯ ಮೇಲೆ, ಏಳು ವರ್ಷದಿಂದ ಬೀಡಿಕಟ್ಟು ಗಾಳಿಗೆ ಹಾರದಂತೆ ಇಡುತ್ತಿದ್ದ ಕಲ್ಲು. ಬಂದ ಮೊದಲ ತಿಂಗಳಿನಲ್ಲಿ ಬಚ್ಚನ ಸಾಲಿನಿಂದ ಕಿತ್ತು ತಂದದ್ದು, ಎಲ್ಲಕ್ಕಿಂತ ಚೆಂದ ಕಂಡಿತ್ತೆಂದು. ಮೇಲೆ ಹಿಡಿದಿದ್ದ ಹೊಸ ಹೂ ಆಗ ನೇರಳೆ ಬಣ್ಣದ್ದಿತ್ತು. ಒಂದು ವಾರ ನಾರಿ, ಆಮೇಲೆ ಬೆಳ್ಳಗಾಯಿತು. ಪ್ರತಿ ಮಳೆಗಾಲ ಅದನ್ನು ಚೀಲದ ತಳದಲ್ಲಿಟ್ಟುಕೊಂಡು ಹೋಗಿ, ಮತ್ತೆ ತರುತ್ತಿದ್ದೆ. ಗುಡ್ಡಕ್ಕೆ ಹೋಗುವ ಈ ಋತುವಿನ ಕೊನೆಯ ದೋಣಿ ನಾಳೆ ಬೆಳಿಗ್ಗೆ ಏಳೂವರೆಗೆ. ಬಸ್ಸಿಗೆ ನಾಳಿದ್ದು ಹೋದರಾಯಿತು. ಚೀಲದ ಬಾಯಿ ಕಟ್ಟಿದ್ದೇನೆ. ಕಲ್ಲನ್ನು ಹೊರಗೆ ಇಟ್ಟಿದ್ದೇನೆ.